ಹಳದಿ ದೀಪ ಏನು ಹೇಳಿತು?

ದೀಪಾವಳಿ ಕಳೆದ ಮರುವಾರ ನಾನು ತೊಗರ್ಸಿಯಲ್ಲಿದ್ದೆನು. ಶಿಕಾರಿಪುರ ತಾಲ್ಲೂಕಿನ ಈ ಊರು ನನ್ನ ತಂಗಿಯನ್ನು ಕೊಟ್ಟ ಊರು. ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ, ಮಲ್ಲಿಕಾರ್ಜುನ ಸ್ವಾಮಿಯ ದರ್ಶನ ಮಾಡಿ, ತಂಗಿಯ ಕೈಯೂಟ ಉಂಡು, ಎರಡು ದಿನ ಜಗುಲಿಯ ಮೇಲೆ ಕಾಲು ಚಾಚಿ ಬರುವುದು ನನ್ನ ಪದ್ಧತಿ. ಅದು ಮೆಕ್ಕೆಜೋಳದ ಒಕ್ಕಣೆಯ ಕಾಲ. ಊರ ಹೊರಗಿನ ಡಾಂಬರು ರಸ್ತೆಯ ಅರ್ಧಭಾಗ ರೈತರ ಕಣವಾಗಿ ಹೋಗಿತ್ತು. ದಾರಿಯುದ್ದಕ್ಕೂ ಹಳದಿ ಕಾಳನ್ನು ಹರವಿ, ಅಂಚಿಗೆ ಕಲ್ಲುಗಳನ್ನಿಟ್ಟು, ಮಕ್ಕಳನ್ನು ಕಾವಲಿಗೆ ಕೂರಿಸಿದ್ದರು. ಅಂಥ ರಸ್ತೆಯಲ್ಲಿ ಒಂದು ಸಂಜೆ ನನ್ನ ಸೋದರಳಿಯನು ಬೆಂಗಳೂರಿನಿಂದ ತನ್ನ ಹೊಸ ಕಾರಿನಲ್ಲಿ ಬಂದಿಳಿದನು.

ಕಾರು ಎಂದರೆ ನಾವು ನೀವು ಕಂಡ ಬಗೆಯ ಕಾರಲ್ಲ, ಓಟದ ಕಾರು. ಎರಡೇ ಬಾಗಿಲು, ಎರಡೇ ಆಸನ. ನೆರಳಲ್ಲಿ ಎಮ್ಮೆ ಮಲಗಿದಷ್ಟು ಎತ್ತರ. ಯಾವ ಕಂಪನಿಯದು, ಬೆಲೆ ಎಷ್ಟು ಎಂಬುದನ್ನು ಹೇಳುವುದಿಲ್ಲ. ಬೆಲೆಯನ್ನು ಕೇಳಿದ ನನ್ನ ತಂಗಿ ಆ ದಿನ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ ಎಂದಷ್ಟು ತಿಳಿಸಿದರೆ ಸಾಕು. ಊರ ಬಾಗಿಲಿನ ರಸ್ತೆಯುಬ್ಬಿನ ಮೇಲೆ ಕಾರಿನ ಹೊಟ್ಟೆ 'ಕರ್' ಎಂದು ಕೆರೆದ ಸದ್ದಿಗೇ ಅರ್ಧ ಊರು ಹೊರಗೆ ಬಂದಿತ್ತು.

ಅಳಿಯನು ಬಂದದ್ದು ತಾಯಿಯನ್ನು ಕರೆದೊಯ್ಯಲು. ಅವಳ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನಲ್ಲಿ ದಿನ ಗೊತ್ತಾಗಿತ್ತು. "ಊಟ ಮಾಡಿಕೊಂಡು ರಾತ್ರಿಯೇ ಹೊರಟುಬಿಡೋಣ ಮಾವ. ರಸ್ತೆ ಖಾಲಿ ಇರುತ್ತದೆ, ಬೆಳಗಾಗುವುದರೊಳಗೆ ಮುಟ್ಟಿಬಿಡುತ್ತೇವೆ" ಎಂದನು. 350 ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಅವನಿಗೆ ಅದು ದೊಡ್ಡದಾಗಿ ಕಾಣಲಿಲ್ಲ.

ಪಕ್ಕದ ಮನೆಯಲ್ಲಿ ಊರೆಲ್ಲ 'ಡ್ರೈವರಜ್ಜ' ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಎಂಬತ್ತು ಸಮೀಪಿಸಿದ ವಯಸ್ಸು. ಮೂವತ್ತು ವರ್ಷ ಶಿರಾಳಕೊಪ್ಪದಿಂದ ಹುಬ್ಬಳ್ಳಿಗೂ ಶಿವಮೊಗ್ಗೆಗೂ ಲಾರಿ ನಡೆಸಿದವರು. ಅವರು ಕೋಲೂರಿಕೊಂಡು ಬಂದು, ಕಾರನ್ನು ಒಂದು ಸುತ್ತು ಸುತ್ತಿ, "ತಮ್ಮಾ, ಒಳಗೊಂಚೂರು ಕೂತು ನೋಡ್ಲೇನು?" ಎಂದು ಕೇಳಿದರು.

"ಕೂತ್ಕೊಳ್ಳಿ ಅಜ್ಜಾ, ಅದಕ್ಕೇನಂತೆ" ಎಂದು ಅಳಿಯ ಬಾಗಿಲು ತೆರೆದನು. ಕೂರುವುದಕ್ಕೆ ಐದು ನಿಮಿಷ ಬೇಕಾಯಿತು. ಆ ಆಸನಕ್ಕೆ ಇಳಿಯುವುದೆಂದರೆ ಹೆಚ್ಚುಕಡಿಮೆ ಬಾವಿಗೆ ಇಳಿದಂತೆ. ಕೂತಾದ ಮೇಲೆ ಅಜ್ಜ ಎದುರಿಗಿದ್ದ ಹಲಗೆಯನ್ನು ನೋಡಿ, "ಇದೇನೋ ಇದು, ಜಾತ್ರೆಗೆ ಸರ ಬಿಟ್ಟಂಗೆ ದೀಪ! ಯಾವ್ಯಾವ್ದು ಏನೇನು ಹೇಳ್ತದೆ, ಒಂದೊಂದಾಗಿ ಹೇಳು" ಎಂದರು.

ಅಳಿಯನು ಉತ್ಸಾಹದಿಂದ ಆರಂಭಿಸಿದನು. ನಾಲ್ಕನೆಯ ಪ್ರಶ್ನೆಗೆ ತಡವರಿಸಿದನು. ಏಳನೆಯದಕ್ಕೆ ನನ್ನ ಮುಖ ನೋಡಿದನು. ಯಂತ್ರಗಳ ವಿಷಯವಾಗಿ ಆಗಾಗ ನಾಲ್ಕು ಸಾಲು ಗೀಚುವ ತಪ್ಪಿಗೆ ನಾನು ಕಾರಿನ ಕೈಪಿಡಿಯನ್ನು ಹಿಡಿದು ಕೂರಬೇಕಾಯಿತು. ನಾನೂರು ಪುಟಗಳಿಗೂ ಮೀರಿದ ಇಂಗ್ಲಿಷ್ ಪುಸ್ತಕ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಅಲ್ಲಿಯವರೆಗೆ ಬಿಚ್ಚಿರಲಿಲ್ಲ.

ಈ ಹಲಗೆಗೆ ಡ್ಯಾಷ್‌ಬೋರ್ಡು ಎಂದು ಹೆಸರು ಬಂದ ಬಗೆಯನ್ನು ವಾಚಕರಿಗೆ ಇಲ್ಲಿಯೇ ಹೇಳಿಬಿಡುವೆನು. ಕುದುರೆ ಗಾಡಿಗಳ ಕಾಲದಲ್ಲಿ, ಓಡುವ ಕುದುರೆಯ ಗೊರಸಿನಿಂದ ಎರಚುವ ಕೆಸರು ಸಾರಥಿಯ ಮೈಮೇಲೆ ಬೀಳದಂತೆ ಗಾಡಿಯ ಮುಂದೆ ಒಂದು ಅಡ್ಡ ಹಲಗೆಯನ್ನು ನಿಲ್ಲಿಸುತ್ತಿದ್ದರು. ಕೆಸರು ಬಂದು ಅಪ್ಪಳಿಸುವ ಹಲಗೆಯೇ ಡ್ಯಾಷ್‌ಬೋರ್ಡು. ಕುದುರೆ ಹೋಗಿ ಎಂಜಿನ್ನು ಬಂದ ಮೇಲೂ ಹಲಗೆ ಉಳಿಯಿತು, ಹೆಸರು ಉಳಿಯಿತು. ಗಡಿಯಾರದಂಥ ಮಾಪಕಗಳನ್ನು ಅದರ ಮೇಲೆ ಕೂರಿಸಿದರು. ಕಾರುಗಳ ವೇಗಮಾಪಕಕ್ಕೆ ಸ್ಟ್ರಾಸ್‌ಬರ್ಗಿನ ಓಟೋ ಶುಲ್ಜ್ ಎಂಬಾತನು ಪೇಟೆಂಟು ಪಡೆದದ್ದು 1902ರಲ್ಲಿ. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರಿನ ಹಲಗೆಯನ್ನು ನೆನೆಸಿಕೊಳ್ಳಿರಿ. ನಾಲ್ಕು ಮುಳ್ಳು, ನಾಲ್ಕು ಗುಂಡಿ. ಅವುಗಳ ಅರ್ಥ ಮಾಡಿಕೊಳ್ಳಲು ಪುಸ್ತಕವೇ ಬೇಕಿರಲಿಲ್ಲ. ಅಜ್ಜನ ಲಾರಿಯಲ್ಲಂತೂ ವೇಗದ ಮುಳ್ಳು ಸತ್ತು ಎಷ್ಟೋ ವರ್ಷವಾಗಿದ್ದರೂ ಯಾರಿಗೂ ಅದರ ಕೊರತೆ ಕಂಡಿರಲಿಲ್ಲವಂತೆ.

ಓಟದ ಕಾರಿನಲ್ಲಿ ಮೊದಲು ಗಮನಿಸತಕ್ಕದ್ದು ನಡುವಿನ ದೊಡ್ಡ ಚಕ್ರ. ಅದು ವೇಗದ್ದೆಂದು ಅನೇಕರು ತಿಳಿಯುತ್ತಾರೆ. ಅಜ್ಜನೂ ಹಾಗೆಯೇ ತಿಳಿದರು. ಅದು ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಸಾವಿರಗಳ ಲೆಕ್ಕದಲ್ಲಿ ತೋರಿಸುವ ಮಾಪಕ. ಪೋರ್ಷೆ ಕಂಪನಿಯು 1964ರಿಂದ ತಯಾರಿಸತೊಡಗಿದ 911 ಎಂಬ ಹೆಸರಾಂತ ಕಾರಿನಲ್ಲಿ ಐದು ಗುಂಡು ಮಾಪಕಗಳನ್ನು ಸಾಲಾಗಿ ಇಟ್ಟು, ನಡುವಣ ಪೀಠವನ್ನು ಈ ಸುತ್ತುಮಾಪಕಕ್ಕೆ ಕೊಟ್ಟರು, ವೇಗಮಾಪಕವನ್ನು ಪಕ್ಕಕ್ಕೆ ಸರಿಸಿದರು. ಓಟದ ಚಾಲಕನಿಗೆ ವೇಗಕ್ಕಿಂತ ಎಂಜಿನ್ನಿನ ಸ್ಥಿತಿ ಮುಖ್ಯ, ಗೇರು ಬದಲಿಸುವ ಕ್ಷಣವನ್ನು ತಿಳಿಸುವುದು ಅದೇ.

ಆ ಚಕ್ರದ ಕೊನೆಯಲ್ಲಿ ಒಂದು ಕೆಂಪು ಪಟ್ಟಿ ಇರುತ್ತದೆ. ಅಲ್ಲಿಗೆ ಮುಳ್ಳು ಹೋಗಬಾರದು ಏಕೆ? ಎಂಜಿನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಒಳಗಿನ ಪಿಸ್ಟನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಓಡಿ, ಎರಡು ಸಲ ಪೂರ್ತಿ ನಿಂತು ಹಿಂದಿರುಗುತ್ತದೆ. ನಿಮಿಷಕ್ಕೆ 7000 ಸುತ್ತು ಎಂದರೆ ಒಂದೊಂದು ಪಿಸ್ಟನ್ನೂ ಒಂದು ಸೆಕೆಂಡಿನಲ್ಲಿ 230ಕ್ಕೂ ಹೆಚ್ಚು ಸಲ ನಿಂತು ಹೊರಳಬೇಕು. ಸುತ್ತು ಇಮ್ಮಡಿಯಾದರೆ ಅದನ್ನು ಹಿಡಿದಿರುವ ಕಬ್ಬಿಣದ ತೋಳಿನ ಮೇಲೆ ಬೀಳುವ ಎಳೆತ ನಾಲ್ಮಡಿಯಾಗುತ್ತದೆ. ಕವಾಟಗಳನ್ನು ಮುಚ್ಚುವ ಸ್ಪ್ರಿಂಗುಗಳಿಗೆ ಆ ಓಟವನ್ನು ಹಿಂಬಾಲಿಸಲು ಆಗದೆ ಹೋಗುತ್ತದೆ. ಹಳೆಯ ಲಾರಿಯ ಡೀಸೆಲ್ ಎಂಜಿನ್ನು ಮೂರು ಸಾವಿರ ಸುತ್ತನ್ನು ದಾಟುತ್ತಿದ್ದುದೇ ಅಪರೂಪ ಎಂದು ನಾನು ಹೇಳಿದಾಗ ಅಜ್ಜ, "ನಮಗೆ ಮುಳ್ಳು ಯಾಕೆ ಬೇಕಿತ್ತು? ಅದು ಅಳೋದು ಕಿವಿಗೇ ಕೇಳ್ತಿತ್ತು" ಎಂದರು.

ಆ ಮಾತಿನಲ್ಲಿ ತಥ್ಯವಿದೆ. ಆದರೆ ಈಗಿನ ಕಾರುಗಳಲ್ಲಿ ಕಿವಿಯನ್ನೂ ಪೂರ್ತಿ ನಂಬುವಂತಿಲ್ಲ. ಬಿಎಂಡಬ್ಲ್ಯೂ ಕಂಪನಿಯ 2011ರ ಎಂ5 ಕಾರಿನಲ್ಲಿ ಎಂಜಿನ್ನಿನ ಘರ್ಜನೆಯನ್ನು ಒಳಗಿನ ಧ್ವನಿವರ್ಧಕಗಳ ಮೂಲಕವೂ ಕೇಳಿಸುವ ಏರ್ಪಾಡು ಮಾಡಿದರು. ಬೇರೆಯವರೂ ಆ ದಾರಿ ಹಿಡಿದಿದ್ದಾರೆ. ಕಾರಿನ ಗೋಡೆಗಳು ಸದ್ದನ್ನು ಅಷ್ಟು ಚೆನ್ನಾಗಿ ತಡೆದುಬಿಡುವುದರಿಂದ, ಹಣ ಕೊಟ್ಟವನಿಗೆ ಗರ್ಜನೆ ಕೇಳದೆ ಬೇಸರವಾಗಬಾರದಷ್ಟೆ! ಅಜ್ಜನಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ನಕ್ಕರು.

ವೇಗಮಾಪಕದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಯೂರೋಪಿನ ನಿಯಮದಂತೆ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ತುಸು ಹೆಚ್ಚು ತೋರಿಸಬಹುದು. ನಮ್ಮ ದೇಶದಲ್ಲಿ 2019ರ ಜುಲೈನಿಂದ ಹೊಸ ಕಾರುಗಳೆಲ್ಲ 80 ಕಿಲೋಮೀಟರು ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಬಿಡದೆ ಕೂಗಬೇಕೆಂಬ ವಿಧಿ ಬಂದಿದೆ. ಪೆಟ್ರೋಲಿನ ಮುಳ್ಳಿನ ಪಕ್ಕದಲ್ಲಿ ಒಂದು ಪುಟ್ಟ ಬಾಣವಿರುವುದನ್ನು ನೋಡಿದ್ದೀರಾ? ಟ್ಯಾಂಕಿನ ಮುಚ್ಚಳ ಕಾರಿನ ಯಾವ ಮಗ್ಗುಲಿಗಿದೆ ಎಂಬುದನ್ನು ಅದು ತೋರಿಸುತ್ತದೆ. ಹದಿನೈದು ವರ್ಷ ಕಾರು ನಡೆಸಿಯೂ ಇದನ್ನು ತಿಳಿಯದವರಿದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆನೆಂದು ಒಪ್ಪಿಕೊಳ್ಳುವೆನು.

ಎಣ್ಣೆಯ ಶಾಖಮಾಪಕ ಮಾತ್ರ ಮುಖ್ಯವಾದದ್ದು. ಸಾಧಾರಣ ಕಾರುಗಳಲ್ಲಿ ನೀರಿನ ಶಾಖವನ್ನಷ್ಟೇ ತೋರಿಸುತ್ತಾರೆ. ಓಟದ ಕಾರುಗಳಲ್ಲಿ ಎಣ್ಣೆಯದನ್ನೂ ತೋರಿಸುವುದುಂಟು. ನೀರು ಬೇಗ ಕಾಯುತ್ತದೆ, ಎಣ್ಣೆ ನಿಧಾನವಾಗಿ ಕಾಯುತ್ತದೆ. ತಣ್ಣಗಿರುವ ಎಣ್ಣೆ ಗಟ್ಟಿಯಾಗಿದ್ದು ಸಂದುಗೊಂದುಗಳಿಗೆ ತಡವಾಗಿ ಹರಿಯುವುದರಿಂದ, ಅದು ಬೆಚ್ಚಗಾಗುವವರೆಗೆ ಎಂಜಿನ್ನನ್ನು ಓಡಿಸಿ ದಣಿಸಬಾರದು. ಅಳಿಯನು ಬೆಳಿಗ್ಗೆ ಮನೆಯಿಂದ ಹೊರಟ ಎರಡನೆಯ ನಿಮಿಷಕ್ಕೇ ಆಕ್ಸಿಲರೇಟರನ್ನು ಪೂರ್ತಿ ತುಳಿಯುವವನು. "ಲಾರಿನ ಮುಂಜಾನೆ ಹತ್ತು ನಿಮಿಷ ಸುಮ್ನೆ ಬಿಡ್ತಿದ್ವಿ ತಮ್ಮಾ, ಎಮ್ಮೆ ಹಾಲು ಕರೆಯೋ ಮುಂಚೆ ಕರು ಬಿಟ್ಟಂಗೆ" ಎಂದು ಅಜ್ಜ ಹೇಳಿದರು. ಈಗಿನ ಎಂಜಿನ್ನಿಗೆ ಹತ್ತು ನಿಮಿಷ ನಿಲ್ಲಿಸುವ ಅಗತ್ಯವಿಲ್ಲ. ಮೊದಲ ಕೆಲವು ಕಿಲೋಮೀಟರು ಮೆಲ್ಲಗೆ ನಡೆಸಿದರೆ ಸಾಕು.

ಇನ್ನು ಸ್ಟಿಯರಿಂಗ್ ಚಕ್ರ. ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಕಿವಿಯಂಥ ಎರಡು ತಗಡುಗಳಿವೆ. ಅವು ಗೇರು ಬದಲಿಸುವ ಸಾಧನಗಳು. ಬಲಗಿವಿ ಎಳೆದರೆ ಮೇಲಿನ ಗೇರು, ಎಡಗಿವಿ ಎಳೆದರೆ ಕೆಳಗಿನ ಗೇರು. 1989ರಲ್ಲಿ ಫೆರಾರಿಯವರು ಪಂದ್ಯದ ಕಾರಿಗೆ ಇದನ್ನು ಅಳವಡಿಸಿ, ಬ್ರೆಜಿಲ್ ದೇಶದಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ಗೆದ್ದರು. 1997ರಲ್ಲಿ ಅದು ಅವರ ರಸ್ತೆಯ ಕಾರಿಗೂ ಬಂದಿತು. ಕೈ ಚಕ್ರವನ್ನು ಬಿಡಬೇಕಿಲ್ಲ, ಕ್ಲಚ್ಚನ್ನು ತುಳಿಯಬೇಕಿಲ್ಲ. ಅಳಿಯನ ಕಾರಿನಲ್ಲಿ ಎರಡು ಕ್ಲಚ್ಚುಗಳಿವೆ. ಒಂದು, ಮೂರು, ಐದನೆಯ ಗೇರುಗಳಿಗೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರನೆಯವಕ್ಕೆ ಇನ್ನೊಂದು. ಒಂದು ಕೆಲಸ ಮಾಡುತ್ತಿರುವಾಗ ಇನ್ನೊಂದು ಮುಂದಿನ ಗೇರನ್ನು ಸಿದ್ಧಮಾಡಿಕೊಂಡು ಕಾದಿರುತ್ತದೆ.

ಚಕ್ರದ ಕೆಳಗಡೆ ಒಂದು ತಿರುಗುಣಿ. ಸೌಖ್ಯ, ಓಟ, ಪಂದ್ಯ ಎಂದು ಮೂರು ಸ್ಥಾನಗಳು. ಅಳಿಯನು ಬೆಂಗಳೂರಿನಿಂದ 'ಓಟ'ದಲ್ಲಿಯೇ ಬಂದಿದ್ದನು. ಅದನ್ನು ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ "ಕಾರಿನ ಶಕ್ತಿ ಹೆಚ್ಚುತ್ತದೆ" ಎಂದನು. ಅದು ಸರಿಯಲ್ಲ. ಅವನ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುತ್ತದೆ. ಆಕ್ಸಿಲರೇಟರನ್ನು ಸ್ವಲ್ಪ ತುಳಿದರೂ ಹೆಚ್ಚು ತುಳಿದಂತೆ ಕಾರು ಓಗೊಡುತ್ತದೆ, ಗೇರು ತಡವಾಗಿ ಏರುತ್ತದೆ, ಸ್ಪ್ರಿಂಗಿನ ಜೊತೆಗಿರುವ ಷಾಕ್ ಅಬ್ಸಾರ್ಬರುಗಳು ಬಿಗಿಯಾಗುತ್ತವೆ, ಸ್ಟಿಯರಿಂಗು ಭಾರವಾಗುತ್ತದೆ, ಹೊಗೆಕೊಳವೆಯ ಬಾಗಿಲು ತೆರೆದು ಸದ್ದು ಜೋರಾಗುತ್ತದೆ. ಆದರೆ ಟೈರು ರಸ್ತೆಯನ್ನು ಹಿಡಿಯುವ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಒಳ್ಳೆಯ ಒಣ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರು ವೇಗದಿಂದ ನಿಲ್ಲಲು ಬ್ರೇಕು ಹಿಡಿದಲ್ಲಿಂದ ಸುಮಾರು 14 ಮೀಟರು ಬೇಕಾದರೆ, 100ರಿಂದ ನಿಲ್ಲಲು 28 ಸಾಲದು, ಸುಮಾರು 55 ಮೀಟರು ಬೇಕು. ಕಣ್ಣು ಕಂಡದ್ದನ್ನು ಕಾಲು ತಿಳಿಯಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಕಾರು ಕ್ರಮಿಸುವ 28 ಮೀಟರು ಬೇರೆ. ಈ ಲೆಕ್ಕವನ್ನು ಬದಲಿಸುವ ತಿರುಗುಣಿಯನ್ನು ಯಾವ ಕಂಪನಿಯೂ ಮಾಡಿಲ್ಲ.

ಆಗ ಅಳಿಯನು ತಾನಾಗಿಯೇ ಒಂದು ಸಂಗತಿ ಹೇಳಿದನು. "ಊರ ಹತ್ತಿರ ಬರುವಾಗ ಒಂದು ತಿರುವಿನಲ್ಲಿ ಜೋಳದ ಕಾಳಿನ ಮೇಲೆ ಚಕ್ರ ಹೋಯಿತು ಮಾವ. ಆಗ ಒಂದು ದೀಪ ಪಟಪಟನೆ ಮಿನುಗಿತು. ಕಾರಿನ ಚಿತ್ರ, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆ. ನೋಡುವುದರೊಳಗೆ ಆರಿಹೋಯಿತು."

ಆ ದೀಪ ಹತ್ತಿ ಆರಿದ ಕ್ಷಣದಲ್ಲಿ ನಡೆದದ್ದನ್ನು ಕೇಳಿರಿ. ನಾಲ್ಕು ಚಕ್ರಗಳಿಗೂ ಒಂದೊಂದು ಎಣಿಕೆಯ ಯಂತ್ರವಿದೆ. ಯಾವ ಚಕ್ರ ಎಷ್ಟು ಬೇಗ ತಿರುಗುತ್ತಿದೆ ಎಂಬುದು ಕಾರಿಗೆ ಸದಾ ಗೊತ್ತು. ಚಾಲಕನು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದ್ದಾನೆ, ಕಾರಿನ ಒಡಲು ನಿಜವಾಗಿ ಎಷ್ಟು ತಿರುಗುತ್ತಿದೆ, ಇವೆರಡನ್ನೂ ಅದು ಹೋಲಿಸುತ್ತಿರುತ್ತದೆ. ಎರಡಕ್ಕೂ ಹೊಂದಿಕೆ ತಪ್ಪಿತೆಂದರೆ ಕಾರು ಜಾರುತ್ತಿದೆ ಎಂದರ್ಥ. ಒಡನೆಯೇ ಯಾವುದಾದರೊಂದು ಚಕ್ರಕ್ಕೆ ಮಾತ್ರ ತಾನೇ ಬ್ರೇಕು ಹಿಡಿದು, ಎಂಜಿನ್ನಿನ ಬಲವನ್ನು ತಗ್ಗಿಸಿ ದಾರಿಗೆ ತರುತ್ತದೆ. ಮೆಕ್ಕೆಜೋಳದ ಕಾಳಿಗೂ ಬೇರಿಂಗಿನ ಗುಂಡಿಗೂ ಟೈರಿನ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆ ತಿರುವಿನಲ್ಲಿ ಕಾಳು ಕಾಯುತ್ತ ಕೂತಿದ್ದ ಮಕ್ಕಳ ನೆನಪು ನನಗಾಯಿತು. ಅಳಿಯನಿಗೂ ಆಗಿರಬೇಕು, ಅವನ ಮುಖ ಸ್ವಲ್ಪ ಬಾಡಿತು. ಆ ದೀಪ ಮಿನುಗಿದರೆ ಯಂತ್ರ ಕೆಲಸ ಮಾಡುತ್ತಿದೆ ಎಂದು ಅರ್ಥ. ಆರದೆ ನಿಂತೇ ಉರಿದರೆ ಯಂತ್ರ ಕೆಟ್ಟಿದೆ, ಇಲ್ಲವೆ ಯಾರೋ ಗುಂಡಿಯೊತ್ತಿ ಅದನ್ನು ಮಲಗಿಸಿದ್ದಾರೆ ಎಂದು ಅರ್ಥ. ಮಲಗಿಸುವ ಗುಂಡಿ ಅವನ ಕಾರಿನಲ್ಲಿ ತಿರುಗುಣಿಯ ಪಕ್ಕದಲ್ಲೇ ಇತ್ತು. ಗೆಳೆಯರೊಬ್ಬರು ಅದನ್ನು ಒತ್ತಿದರೆ ಮಜವಿರುತ್ತದೆಂದು ಹೇಳಿದ್ದರಂತೆ. ಪುಣ್ಯಕ್ಕೆ ಅವನಿಗೆ ಮರೆತುಹೋಗಿತ್ತು.

ಈ ವಿದ್ಯೆಯ ಮೊದಲ ಮೆಟ್ಟಿಲು, ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್., ಜರ್ಮನಿಯ ಬಾಷ್ ಕಂಪನಿಯಿಂದ ಮರ್ಸಿಡಿಸ್ ಕಾರಿಗೆ ಬಂದದ್ದು 1978ರಲ್ಲಿ. ಜಾರುವಿಕೆಯನ್ನು ತಡೆಯುವ ಎರಡನೆಯ ಮೆಟ್ಟಿಲು 1995ರಲ್ಲಿ. ಅದೇ ಬಾಷ್ ಕಂಪನಿಯ ಬೆಂಗಳೂರಿನ ಕಾರ್ಖಾನೆ 1951ರಲ್ಲಿ ಮೈಕೋ ಎಂಬ ಹೆಸರಿನಲ್ಲಿ ಆರಂಭವಾಯಿತು. ಅಜ್ಜನ ಲಾರಿಯ ಡೀಸೆಲ್ ಪಂಪಿನ ಮೇಲೆ ಆ ಹೆಸರೇ ಇತ್ತೆಂದು ಅವರಿಗೆ ಚೆನ್ನಾಗಿ ನೆನಪಿದೆ. ಮರ್ಸಿಡಿಸಿನವರ ಸಂಶೋಧನಾ ಕೇಂದ್ರವೂ 1996ರಿಂದ ಬೆಂಗಳೂರಿನಲ್ಲಿದೆ. ಹೊಸ ಕಾರುಗಳ ಬುದ್ಧಿಯಲ್ಲಿ ಒಂದು ಪಾಲನ್ನು ನಮ್ಮ ಹುಡುಗ ಹುಡುಗಿಯರು ಇಲ್ಲಿಯೇ ಕೂತು ಬರೆಯುತ್ತಾರೆ. ಆದರೂ ಕೈಪಿಡಿಯಲ್ಲಿ ಒಂದು ಪುಟ ಕನ್ನಡವಿಲ್ಲ. ಇರಲಿ.

ಒಂದು ಮಾತನ್ನು ಎಲ್ಲ ಕಾರಿನವರಿಗೂ ಹೇಳಬೇಕು. ಎ.ಬಿ.ಎಸ್. ಕೆಲಸ ಮಾಡುವಾಗ ಬ್ರೇಕಿನ ಪೆಡಲು ಕಾಲಡಿಯಲ್ಲಿ ಗಡಗಡನೆ ನಡುಗುತ್ತದೆ. ಅನೇಕರು ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಇನ್ನೂ ಬಲವಾಗಿ ಒತ್ತಿ ಹಿಡಿಯಬೇಕು. ನಡುಕವೇ ಅದರ ಕೆಲಸ.

ಇಷ್ಟರಲ್ಲಿ ಕತ್ತಲಾಗಿತ್ತು. ತಂಗಿ ಒಳಗೆ ಅವಲಕ್ಕಿ, ಉಪ್ಪಿನಕಾಯಿ ಎಂದು ಗಂಟು ಕಟ್ಟುತ್ತಿದ್ದಳು. ಎರಡು ಆಸನದ ಕಾರಿನಲ್ಲಿ ಗಂಟನ್ನು ಎಲ್ಲಿಡುವುದೆಂಬುದೇ ಅವಳ ಚಿಂತೆ. ಅಜ್ಜ ಇಳಿಯಲು ಕಾಲು ಹೊರಗಿಟ್ಟವರು ಮತ್ತೆ ಹಲಗೆಯನ್ನು ನೋಡಿ ಕೇಳಿದರು: "ಎಲ್ಲಾ ದೀಪ ಹತ್ತಿ ಆರಿದ್ವು. ಆ ಗಡಿಗೆ ದೀಪ ಯಾಕೆ ಆರಲಿಲ್ಲ?"

ಬಾಯಿ ಅಗಲವಾದ ಗಡಿಗೆಯ ಚಿತ್ರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಹಳದಿ ಬಣ್ಣ.

"ಅದಾ? ತರೀಕೆರೆಯಿಂದಲೂ ಉರಿಯುತ್ತಲೇ ಇದೆ ಅಜ್ಜಾ. ಚಳಿಗೆ ಹಾಗಾಗುತ್ತದೆಯಂತೆ. ಕಾರು ಚೆನ್ನಾಗಿಯೇ ಓಡುತ್ತಿದೆ" ಎಂದನು ಅಳಿಯ.

ದೀಪಗಳ ಬಣ್ಣಕ್ಕೆ ಜಗತ್ತಿನಾದ್ಯಂತ ಒಂದೇ ಕಟ್ಟಳೆ. ಹಸಿರು, ನೀಲಿ ಎಂದರೆ ಯಾವುದೋ ಒಂದು ಚಾಲನೆಯಲ್ಲಿದೆ ಎಂಬ ವರದಿಯಷ್ಟೆ. ನೀಲಿಯು ಮುಂದೀಪದ ದೂರದ ಬೆಳಕಿಗೆ ಮೀಸಲು. ಹಳದಿ ಎಂದರೆ ಎಚ್ಚರ, ಬೇಗನೆ ವಿಚಾರಿಸು ಎಂದು. ಕೆಂಪು ಎಂದರೆ ನಿಲ್ಲು. ಗಿಂಡಿಯಿಂದ ಹನಿ ಬೀಳುವ ಚಿತ್ರ ಕೆಂಪಾಗಿ ಹತ್ತಿದರೆ ಎಂಜಿನ್ನಿಗೆ ಎಣ್ಣೆಯ ಒತ್ತಡ ತಪ್ಪಿದೆ. ಮುಂದಿನ ಊರಿನವರೆಗೆ ಹೋಗಿ ನೋಡೋಣವೆಂದರೆ ಎಂಜಿನ್ನು ಉಳಿಯುವುದಿಲ್ಲ, ಅಲ್ಲಿಯೇ ಬದಿಗೆ ನಿಲ್ಲಿಸಿ ಆರಿಸಬೇಕು. ಎಂಜಿನ್ನಿನ ಚಿತ್ರ ಹಳದಿಯಾಗಿ ನಿಂತು ಉರಿದರೆ ಕಾರ್ಯಾಗಾರಕ್ಕೆ ಒಯ್ಯಬೇಕು. ಅದೇ ಮಿನುಗತೊಡಗಿದರೆ ಒಳಗೆ ಸುಡದ ಪೆಟ್ರೋಲು ಹೊಗೆಕೊಳವೆಗೆ ಹೋಗುತ್ತಿದೆ, ಕೂಡಲೆ ವೇಗವಿಳಿಸಿ ನಿಲ್ಲಿಸಬೇಕು.

ಗಡಿಗೆಯಂತೆ ಕಾಣುವುದು ನಿಜವಾಗಿ ಅಡ್ಡ ಕೊಯ್ದ ಟೈರಿನ ಚಿತ್ರ. ಗಾಳಿ ಕಡಿಮೆಯಾಗಿದೆ ಎಂದು ಅದರ ಮಾತು. ಚಳಿಯ ವಿಷಯ ಪೂರ್ತಿ ಸುಳ್ಳಲ್ಲ. ಹವೆ ಹತ್ತು ಡಿಗ್ರಿ ತಣ್ಣಗಾದರೆ ಟೈರಿನ ಗಾಳಿ ಸುಮಾರು ಎರಡು ಪೌಂಡು ಇಳಿಯುವುದು ಸಹಜ. ಆದರೆ ಅಮೆರಿಕದ ನಿಯಮದಂತೆ ಈ ದೀಪ ಹತ್ತುವುದು ಇರಬೇಕಾದ ಗಾಳಿಯಲ್ಲಿ ಕಾಲು ಭಾಗ ಹೋದಾಗ. 2000ದಲ್ಲಿ ಅಲ್ಲಿನ ಫೈರ್‌ಸ್ಟೋನ್ ಕಂಪನಿಯ ಟೈರುಗಳು ಓಟದಲ್ಲಿ ಕಳಚಿ ಅನೇಕ ಸಾವುಗಳಾಗಿ, 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆದರು. ಅದರ ಫಲವಾಗಿಯೇ ಕಾಯಿದೆ ಬಂದು, 2007ರ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಯೂರೋಪಿನಲ್ಲಿ 2014ರಲ್ಲಿ ಆಯಿತು. ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಸುತ್ತುಸುತ್ತಿಗೂ ಮಡಿಸಿ ಬಿಚ್ಚಿ ಕಾಯುತ್ತವೆ. ಕಾದ ರಬ್ಬರು ಒಳಗಿನ ಪದರಗಳಿಂದ ಬಿಡುತ್ತದೆ. ನಿಧಾನವಾಗಿ ಹೋಗುವವನಿಗೆ ಅದು ಪಂಕ್ಚರು. ಅರ್ಧರಾತ್ರಿ ನೂರಿಪ್ಪತ್ತರಲ್ಲಿ ಹೋಗುವವನಿಗೆ ಹಾಗಲ್ಲ.

ಅಜ್ಜ ಇಳಿದು, ಲಾರಿಯ ಕಾಲದ ಅಭ್ಯಾಸದಂತೆ ನಾಲ್ಕು ಟೈರುಗಳಿಗೂ ಕೋಲಿನಿಂದ ಒಂದೊಂದು ಏಟು ಹಾಕಿ ಕಿವಿಗೊಟ್ಟರು. ಹಿಂದೆ ಸಲಾಕೆಯಿಂದ ಬಡಿದು, ಸದ್ದಿನಿಂದಲೇ ಯಾವ ಟೈರಿನಲ್ಲಿ ಎಷ್ಟು ಗಾಳಿಯಿದೆ ಎಂದು ಹೇಳುತ್ತಿದ್ದವರು ಅವರು. ಎರಡನೆಯ ಸುತ್ತು ಬಡಿದರು. "ನಾಲ್ಕೂ ಒಂದೇ ಸದ್ದು. ಕಣ್ಣಿಗೂ ಇಳಿದಂಗೆ ಕಾಣಲ್ಲ. ದೀಪ ಸುಳ್ಳು ಹೇಳ್ತದೆ" ಎಂದರು.

ಅಳಿಯನ ಮುಖ ಅರಳಿತು. ತಂಗಿ ಗಂಟನ್ನು ಹೊರಗೆ ತಂದಿಟ್ಟಳು. ನಾನು ಮಾತ್ರ ಕೈಪಿಡಿಯ ಪುಟ ತಿರುವುತ್ತಿದ್ದೆನು. ಚಕ್ರದ ಮೇಲಿನ ಒಂದು ಗುಂಡಿಯನ್ನು ಮೂರು ಸಲ ಒತ್ತಿದರೆ ಪರದೆಯ ಮೇಲೆ ನಾಲ್ಕೂ ಟೈರುಗಳ ಗಾಳಿಯ ಲೆಕ್ಕ ಬರುವುದೆಂದು ಅಲ್ಲಿ ಬರೆದಿತ್ತು. ಒತ್ತಿಸಿದೆನು. ಮೂರು ಟೈರುಗಳಲ್ಲಿ 33 ಪೌಂಡು. ಹಿಂದಿನ ಎಡಗಡೆಯದರಲ್ಲಿ 19.

ಯಾರೂ ಮಾತಾಡಲಿಲ್ಲ. ಓಟದ ಕಾರಿನ ಟೈರು ಎತ್ತರವಿಲ್ಲದ, ಪಕ್ಕೆ ಬಹಳ ಬಿರುಸಾದ ಟೈರು. ಅರ್ಧ ಗಾಳಿ ಹೋದರೂ ಅದು ಲಾರಿಯ ಟೈರಿನಂತೆ ಹೊಟ್ಟೆ ಬಿಡುವುದಿಲ್ಲ. ಕಣ್ಣಿಗೂ ಕಾಣದು, ಕೋಲಿಗೂ ತಿಳಿಯದು. ಗಾಳಿಯನ್ನು ಅಳೆಯುವ ಪುಟ್ಟ ಯಂತ್ರವೊಂದು ಚಕ್ರದೊಳಗೇ ಕೂತು ಸುದ್ದಿ ಕಳುಹಿಸುತ್ತಿರುತ್ತದೆ. ಅಜ್ಜ ಕೋಲನ್ನು ಗೋಡೆಗೆ ಒರಗಿಸಿ, "ಕೋಲಿಗೆ ಗೊತ್ತಾಗಲಿಲ್ಲ, ದೀಪಕ್ಕೆ ಗೊತ್ತಾತು" ಎಂದರು. ಅವರ ದನಿಯಲ್ಲಿ ಸೋತವನ ಬೇಸರವಿರಲಿಲ್ಲ. ಹೊಸ ಡ್ರೈವರೊಬ್ಬನ ಕೆಲಸವನ್ನು ಹಳೆಯ ಡ್ರೈವರು ಒಪ್ಪಿಕೊಂಡ ಧಾಟಿಯಿತ್ತು.

ಬೇರೆ ಚಕ್ರ ಹಾಕಿ ಹೋಗೋಣವೆಂದರೆ ಅಂಥ ಕಾರಿನಲ್ಲಿ ಬದಲಿ ಚಕ್ರವೇ ಇರಲಿಲ್ಲ. ತೂಕ ಉಳಿಸಲೆಂದು ಅದನ್ನು ತೆಗೆದು, ಒಂದು ಸಣ್ಣ ಗಾಳಿಯಂತ್ರವನ್ನೂ ರಂಧ್ರ ಮುಚ್ಚುವ ಅಂಟಿನ ಡಬ್ಬಿಯನ್ನೂ ಇಟ್ಟಿದ್ದರು. ಅವು ಕಾರಿನಲ್ಲಿವೆಯೆಂಬುದೂ ಅಳಿಯನಿಗೆ ಆಗಲೇ ತಿಳಿದದ್ದು. ಯಂತ್ರದಿಂದ 33 ಪೌಂಡು ತುಂಬಿಸಿ ಮಲಗಿದೆವು. ರಾತ್ರಿಯ ಪ್ರಯಾಣ ನಿಂತಿತು. ಬೆಳಿಗ್ಗೆ ನೋಡಿದರೆ 26ಕ್ಕೆ ಇಳಿದಿತ್ತು.

ಮತ್ತೆ ಗಾಳಿ ತುಂಬಿಸಿ, ನಲವತ್ತು ದಾಟದಂತೆ, ಅಳಿಯನೂ ಅಜ್ಜನೂ ಶಿರಾಳಕೊಪ್ಪಕ್ಕೆ ಹೋದರು. ದಾರಿಯಲ್ಲಿ ಅಳಿಯನು ತನ್ನ ಕಾರಿನ ಇನ್ನೊಂದು ವಿದ್ಯೆಯನ್ನು ತೋರಿಸಹೋದನಂತೆ. ಅದು ರಸ್ತೆಯ ಬಿಳಿ ಗೆರೆಗಳನ್ನು ಕ್ಯಾಮೆರಾದಿಂದ ನೋಡಿ ಸ್ಟಿಯರಿಂಗನ್ನು ತಾನೇ ತಿದ್ದುವ ಏರ್ಪಾಡು. ಗೆರೆಗಳೆಲ್ಲ ಜೋಳದ ಕೆಳಗಿದ್ದುದರಿಂದ ಕಾರು ಕೈಚೆಲ್ಲಿತು. "ಅದಕ್ಕೆ ರಸ್ತೆ ಕಾಣಲ್ಲ, ನಿಂಗೆ ಕಾಣ್ತದಲ್ಲ, ನೀನು ಹಿಡ್ಕೋ" ಎಂದರಂತೆ ಅಜ್ಜ. ಪಂಕ್ಚರು ಅಂಗಡಿಯವನು ಟೈರನ್ನು ಪೂರ್ತಿ ಬಿಚ್ಚಿ ಒಳಗೆ ರಬ್ಬರಿನ ಪುಡಿ ಉದುರಿದೆಯೇ ಎಂದು ಬೆರಳಾಡಿಸಿ ನೋಡಿದನು. ಉದುರಿದ್ದರೆ ಪಕ್ಕೆ ಸತ್ತಿದೆಯೆಂದು ಅರ್ಥ, ಹೊಸ ಟೈರೇ ಗತಿ. ಉದುರಿರಲಿಲ್ಲ. ನಡುವಿನಲ್ಲಿ ಚುಚ್ಚಿಕೊಂಡಿದ್ದನ್ನು ಇಕ್ಕಳದಿಂದ ಕಿತ್ತು ಅಜ್ಜನ ಅಂಗೈಯಲ್ಲಿಟ್ಟನು. ಎತ್ತಿನ ಲಾಳದ ಮೊಳೆ. ಒಳಗಿನಿಂದ ತೇಪೆ ಹಾಕಿಸಿ, ಗಾಳಿ ತುಂಬಿಸಿ ಹೊರಟು ಎರಡು ಮೂರು ಕಿಲೋಮೀಟರು ಬಂದ ಮೇಲೆ ಗಡಿಗೆಯ ದೀಪ ತಾನಾಗಿ ಆರಿತು.

ಅವರು ಮರಳುವಷ್ಟರಲ್ಲಿ ನಾನು ಕೈಪಿಡಿಯನ್ನು ಮುಕ್ಕಾಲು ಮುಗಿಸಿ, ಒಂದು ಹಾಳೆಯಲ್ಲಿ ದೀಪಗಳ ಚಿತ್ರ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದಿದ್ದೆನು. ತಂಗಿ ಅದನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. ಮಗನಿಗೆ ಕೊಡಲಿಲ್ಲ.

ಹಗಲಿನ ಊಟವಾದ ಮೇಲೆ ತಾಯಿ ಮಗ ಹೊರಟರು. ಅವಲಕ್ಕಿಯ ಗಂಟು ತಂಗಿಯ ಮಡಿಲಲ್ಲಿ. ನಾನೂ ಅಜ್ಜನೂ ಊರ ಬಾಗಿಲಿನವರೆಗೆ ನಡೆದುಹೋದೆವು. ರಸ್ತೆಯುಬ್ಬಿನ ಮುಂದೆ ಕಾರು ನಿಂತಿತು. ಕೈಪಿಡಿಯ ಇನ್ನೂರ ಎಂಟನೆಯ ಪುಟದಲ್ಲಿ ನಾನು ಕಂಡು ಹೇಳಿದ್ದ ಗುಂಡಿಯನ್ನು ಅಳಿಯನು ಒತ್ತಿದನು. ಕಾರಿನ ಮೂತಿ ಮೆಲ್ಲಗೆ ಎರಡು ಬೆರಳಿನಷ್ಟು ಮೇಲೆದ್ದಿತು. ಅವನಲ್ಲಿಗೆ ಬಂದ ದಿನದಿಂದ ಆ ಗುಂಡಿ ಅಲ್ಲಿಯೇ ಇತ್ತು.

"ಏನೋ ಅದು, ಎದ್ದಂಗಾತಲ್ಲೋ!" ಎಂದು ಒಳಗಿನಿಂದ ತಂಗಿಯ ದನಿ ಕೇಳಿಸಿತು. ಕಾರು ಸದ್ದಿಲ್ಲದೆ ಉಬ್ಬನ್ನು ದಾಟಿ, ಜೋಳದ ರಾಶಿಗಳ ಪಕ್ಕದಲ್ಲಿ ಎತ್ತಿನ ಗಾಡಿಯ ಹಿಂದೆ ಮೆಲ್ಲನೆ ಹೋಯಿತು.